ಹಳೆಯ ಡೀಸೆಲ್ ಎಂಜಿನ್ನಿಗೆ ಮರುಜೀವ

ಆಲೆಮನೆಯ ಮೂಲೆಯಲ್ಲಿ, ಹಿಟ್ಟಿನ ಗಿರಣಿಯ ಹಿಂಬದಿಯಲ್ಲಿ ಎರಡು ದೊಡ್ಡ ಗಾಲಿಗಳ ಹಳೆಯ ಡೀಸೆಲ್ ಎಂಜಿನ್ನುಗಳು ತುಕ್ಕು ಹಿಡಿದು ನಿಂತಿರುವುದುಂಟು. ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ಮಾದರಿಯನ್ನು ಅನುಸರಿಸಿ ಗುಜರಾತಿನ ರಾಜಕೋಟೆಯಲ್ಲಿ ಇಂತಹ ಎಂಜಿನ್ನುಗಳು ತಯಾರಾದವು. 6 ಅಶ್ವಶಕ್ತಿಯ ಎಂಜಿನ್ನು ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುವುದರಿಂದ ಸವೆತ ಕಡಿಮೆ. ಆದ್ದರಿಂದ ಗುಜರಿಗೆ ಹಾಕುವ ಮುನ್ನ ಪರೀಕ್ಷಿಸುವುದು ಲಾಭದಾಯಕ.

ಬಣ್ಣ ಬಳಿಯುವುದು ಕೊನೆಯ ಕೆಲಸ. ಮೊದಲು ಗಾಲಿಗಳನ್ನು ನೋಡಬೇಕು. ಅರೆಗಳು ಗುಂಬಕ್ಕೆ ಸೇರುವಲ್ಲಿ ತುಕ್ಕು, ಜಿಡ್ಡು ತೆಗೆದು ಸೀಮೆಎಣ್ಣೆ ಸವರಬೇಕು. ಸ್ವಲ್ಪ ಹೊತ್ತಿನ ನಂತರ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿದ್ದರೆ ಒಳಗಿಳಿದ ಎಣ್ಣೆ ಮೇಲೆದ್ದು ಪುಡಿಯಲ್ಲಿ ಗೆರೆ ಮೂಡುತ್ತದೆ. ಅಂತಹ ಗಾಲಿಯನ್ನು ಬೆಸುಗೆ ಹಾಕಿಸಿ ಬಳಸಲೇಬಾರದು. ಓಡುವಾಗ ಒಡೆದರೆ ಪ್ರಾಣಾಪಾಯ.

ಹಿಡಿದು ಕೂತ ಪಿಸ್ಟನ್ನನ್ನು ಸುತ್ತಿಗೆಯಿಂದ ಹೊಡೆಯಬಾರದು. ಹೆಡ್ ಬಿಚ್ಚಿ, ಸಿಲಿಂಡರಿಗೆ ಡೀಸೆಲ್ ಸುರಿದು ಕೆಲವು ದಿನ ನೆನೆಯಲು ಬಿಟ್ಟು, ಗಾಲಿಯನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಬೇಕು. ಸಂಪಿನ ಹಳೆಯ ಎಣ್ಣೆ ಬದಲಿಸಿ, ತಂಪುನೀರಿನ ದಾರಿಯಲ್ಲಿ ಕಟ್ಟಿದ ಕೆಸರು ತೆಗೆಯಬೇಕು.

ನಾಜಲ್ ಪರೀಕ್ಷಿಸುವಾಗ ಎದುರಿಗೆ ಕೈ ಒಡ್ಡಬಾರದು. ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಬೆಲ್ಟಿಗೂ, ಗಾಲಿಯಿಂದ ಹೊರಚಾಚಿದ ಕೀಲಿಗೂ ತಗಡಿನ ಮರೆ ಕಟ್ಟಿಸಬೇಕು. ಪಂಚೆಯ ಚುಂಗು, ಸೀರೆಯ ಸೆರಗು ಸಿಕ್ಕಿಕೊಳ್ಳುವುದು ಇಲ್ಲಿಯೇ. ಅಜ್ಜನ ಕಾಲದಲ್ಲಿ ಮರೆ ಇರಲಿಲ್ಲವೆಂದು ಈಗಲೂ ಬಿಡುವುದು ಸಲ್ಲದು.

ಗಾಲಿ, ಕ್ರ್ಯಾಂಕ್‌ಶಾಫ್ಟ್ ಎರಡೂ ದೃಢವಾಗಿದ್ದರೆ ಮಾತ್ರ ದುರಸ್ತಿಗೆ ಹಣ ಹಾಕಿರಿ. ಇಲ್ಲವಾದರೆ ಗುಜರಿಯೇ ಅದಕ್ಕೆ ತಕ್ಕ ಜಾಗ.