ನಗರದ ನದಿಯ ಪಾಲನೆ ಮತ್ತು ಕೆಳದಂಡೆಯ ಬೇಸಾಯ

(ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನೀಡಿದ ಉಪನ್ಯಾಸದ ಬರಹ ರೂಪ)



ಹಳೆ ಮೈಸೂರು ಸೀಮೆಯ ಕೆರೆಯಿದ್ದ ಊರುಗಳಲ್ಲಿ ನೀರಗಂಟಿ ಎಂಬಾತನಿರುತ್ತಿದ್ದನು. ತೂಬು ತೆಗೆಯುವುದು, ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಕಾಲುವೆಯ ಹೂಳೆತ್ತಲು ಊರವರನ್ನು ಕರೆಯುವುದು, ಏರಿಯಲ್ಲಿ ಬಿಲ ಕಂಡರೆ ಹಿರಿಯರಿಗೆ ತಿಳಿಸುವುದು ಅವನ ಕೆಲಸ. ಸುಗ್ಗಿಯ ಕಣದಲ್ಲಿ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲುತ್ತಿತ್ತು. ಬೆಂಗಳೂರು ಬೆಳೆದಂತೆ ಕೆರೆಗಳ ಜೊತೆಗೆ ಈ ನೀರಗಂಟಿಯೂ ಮರೆಯಾದನು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ರಾಜಕಾಲುವೆ ಯಾರದೂ ಅಲ್ಲದ ಚರಂಡಿಯಾಯಿತು. ವೃಷಭಾವತಿ ನದಿ ಕೆಟ್ಟದ್ದು ಹೀಗೆಯೇ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ನದಿ ಹುಟ್ಟುತ್ತದೆಂಬುದು ಜನರ ನಂಬಿಕೆ. ಹೆಸರೂ ಅದನ್ನೇ ಹೇಳುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ, ಕೆಂಗೇರಿಗಳನ್ನು ದಾಟಿ ಬಿಡದಿಯ ಸಮೀಪದ ಬೈರಮಂಗಲ ಜಲಾಶಯವನ್ನು ಸೇರಿ, ಮುಂದೆ ಅರ್ಕಾವತಿಯೊಡನೆ ಕೂಡಿ ಕಾವೇರಿಗೆ ಹೋಗುತ್ತದೆ. ಬೆಂಗಳೂರು ದಿಣ್ಣೆಯ ಮೇಲಿನ ಊರು. ಅದಕ್ಕೆ ಕುಡಿಯುವ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ, ಅದೂ ಪಂಪುಗಳ ಬಲದಿಂದ ಮೇಲೇರಿ. ಕಾವೇರಿ ಮೊದಲ ಹಂತದ ನೀರು 1974ರಲ್ಲಿ ಬಂದಿತು. ಮನೆಗಳಲ್ಲಿ ಬಳಸಿದ ನೀರಿನ ಸುಮಾರು ಶೇಕಡ 80 ಭಾಗ ಕೊಳಚೆಯಾಗಿ ಹೊರಬೀಳುತ್ತದೆ. ಮಳೆಗಾಲದ ಹಳ್ಳದಂತಿದ್ದ ವೃಷಭಾವತಿ ಬೇಸಿಗೆಯಲ್ಲೂ ತುಂಬಿ ಹರಿಯಲು ಇದೇ ಕಾರಣ. ಕಾವೇರಿಯೇ ಮೇಲೇರಿ, ಮಲಿನವಾಗಿ, ಮರಳಿ ಕಾವೇರಿಗೆ ಇಳಿಯುತ್ತಿದೆ ಎಂದರೂ ತಪ್ಪಲ್ಲ.

ಕೆಳದಂಡೆಯ ರೈತನಿಗೆ ಈ ನೀರು ಬೇಡವಾದ ವಸ್ತುವಲ್ಲ. ಕೊಳವೆ ಬಾವಿ ಬತ್ತಿದ ವರ್ಷದಲ್ಲೂ ಮೇವಿನ ಹುಲ್ಲು, ಬೇಬಿ ಕಾರ್ನ್, ತೆಂಗು ಹಸಿರಾಗಿ ನಿಲ್ಲುವುದು ಇದರಿಂದಲೇ. ನದಿ ಶುದ್ಧೀಕರಣದ ಸಭೆಗಳಲ್ಲಿ ಈ ಮಾತು ಕೇಳಿಬರುವುದು ಅಪರೂಪ. ನೀರನ್ನು ಬೇರೆಡೆಗೆ ತಿರುಗಿಸಿದರೆ ಕೊಳೆಯೂ ಹೋದೀತು, ಬೆಳೆಯೂ ಹೋದೀತು. ಆದ್ದರಿಂದ ನದಿಯ ಪಾಲನೆ ಎಂಬುದು ನಗರವಾಸಿಗಳಿಗೆ ಮಾತ್ರ ಬಿಟ್ಟ ಕೆಲಸವಾಗಬಾರದು.

ಈ ನೀರಿನಲ್ಲಿರುವ ಗೊಬ್ಬರದ ಲೆಕ್ಕವನ್ನು ಮೊದಲು ನೋಡೋಣ. ಲೀಟರಿಗೆ 30 ಮಿಲಿಗ್ರಾಂ ಸಾರಜನಕವಿರುವ ಕೊಳಚೆ ನೀರನ್ನು ಒಂದು ಎಕರೆಗೆ 5 ಸೆಂಟಿಮೀಟರ್ ಆಳಕ್ಕೆ ಹಾಯಿಸಿದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ಅದರೊಡನೆ 6 ಕಿಲೋ ಸಾರಜನಕ ಭೂಮಿಗೆ ಸೇರುತ್ತದೆ. ಹತ್ತು ಸಲ ಹಾಯಿಸಿದರೆ 60 ಕಿಲೋ, ಎಂದರೆ ಸುಮಾರು 130 ಕಿಲೋ ಯೂರಿಯಾಕ್ಕೆ ಸಮ. ನೀರಾವರಿ ಭತ್ತಕ್ಕೆ ಎಕರೆಗೆ 40 ಕಿಲೋ ಸಾರಜನಕ ಸಾಕಾಗುವ ಕಡೆ ಇಷ್ಟು ಸೇರಿ, ಮೇಲೆ ಅಭ್ಯಾಸಬಲದಿಂದ ಯೂರಿಯಾವನ್ನೂ ಎರಚಿದರೆ ಪೈರು ಸೊಕ್ಕಿ ಬೆಳೆದು ಮಗುಚುತ್ತದೆ, ಬೆಂಕಿ ರೋಗ ಹೆಚ್ಚುತ್ತದೆ, ಕಾಳು ಜೊಳ್ಳಾಗುತ್ತದೆ. ಇಂತಹ ಗದ್ದೆಯವರು ನೀರು ಮತ್ತು ಮಣ್ಣನ್ನು ಪರೀಕ್ಷಿಸಿ ಮೇಲುಗೊಬ್ಬರವನ್ನು ಕಡಿಮೆ ಮಾಡಬೇಕು, ಕೆಲವೆಡೆ ಪೂರ್ತಿ ಬಿಡಬೇಕು.

ಕೊಳೆಯ ನೀರೆಲ್ಲ ಗೊಬ್ಬರವೆಂಬ ಭಾವನೆ ಮಾತ್ರ ಅಪಾಯಕರ. ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವೂ ಈ ಕಣಿವೆಗೆ ಇಳಿಯುತ್ತದೆ. ಅದರೊಡನೆ ಬರುವ ಕ್ರೋಮಿಯಂ, ನಿಕ್ಕಲ್, ಸೀಸ, ಕ್ಯಾಡ್ಮಿಯಂಗಳು ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತುಗಳಲ್ಲ. ವರ್ಷ ವರ್ಷವೂ ಮೇಲ್ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತವೆ. ಸೊಪ್ಪು ತರಕಾರಿಗಳು, ಅದರಲ್ಲೂ ದಂಟು, ಪಾಲಕ್, ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರುತ್ತವೆ. ಮೇವಿನ ಮೂಲಕ ಹಸುವಿನ ಹೊಟ್ಟೆಗೂ ಸ್ವಲ್ಪ ಹೋಗುತ್ತದೆ. ಹುಳಿ ಮಣ್ಣಿನಲ್ಲಿ ಈ ಲೋಹಗಳು ಹೆಚ್ಚು ಸಡಿಲವಾಗುವುದರಿಂದ, ಮಣ್ಣಿನ ರಸಸಾರವನ್ನು 6.5ಕ್ಕಿಂತ ಕೆಳಗೆ ಇಳಿಯಗೊಡದೆ, ಪರೀಕ್ಷೆಯ ಪ್ರಕಾರ ಸುಣ್ಣ ಹಾಕುವುದು ಒಂದು ರಕ್ಷಣೆ. ಇದು ಲೋಹವನ್ನು ಮಣ್ಣಿನಿಂದ ತೆಗೆಯುವುದಿಲ್ಲ, ಬೇರಿಗೆ ಸಿಗದಂತೆ ತಡೆಹಿಡಿಯುತ್ತದೆ ಅಷ್ಟೇ.

ಇನ್ನು ಜನರೇ ಮುಂದಾಗಿ ಕಾಪಾಡಿದ ಉದಾಹರಣೆಗಳಿಗೆ ಬರೋಣ. ಬೆಂಗಳೂರಿನ ಪುಟ್ಟೇನಹಳ್ಳಿ, ಕೈಕೊಂಡ್ರಹಳ್ಳಿ ಕೆರೆಗಳನ್ನು ಸುತ್ತಲಿನ ನಿವಾಸಿಗಳು ಪಾಲಿಕೆಯೊಡನೆ ಸೇರಿ ನೋಡಿಕೊಂಡ ಬಗೆ ಮೆಚ್ಚತಕ್ಕದ್ದು. ಕೃಷಿಕರಿಗೆ ಹೆಚ್ಚು ಪಾಠವಿರುವುದು ಜಕ್ಕೂರು ಕೆರೆಯಲ್ಲಿ. ಅದು ವೃಷಭಾವತಿಯ ಕಣಿವೆಯದಲ್ಲ, ನಗರದ ಉತ್ತರಕ್ಕಿದೆ. ಅಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಡನೆ ಆರಂಭವಾದ ಶುದ್ಧೀಕರಣ ಘಟಕದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಜೊಂಡು ಬೆಳೆದ ಜೌಗನ್ನು ಮೊದಲು ನಿಧಾನವಾಗಿ ಹಾದು ಬರುತ್ತದೆ. ಅಲ್ಲಿ ಗಸಿ ತಳಕ್ಕೆ ಕೂಡುತ್ತದೆ, ಬೇರುಗಳ ಸುತ್ತಲಿನ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ, ಉಳಿದ ಸಾರಜನಕ ಮತ್ತು ರಂಜಕದ ಒಂದು ಪಾಲನ್ನು ಗಿಡಗಳು ಎಳೆದುಕೊಳ್ಳುತ್ತವೆ. ಈ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಇಲ್ಲವಾದರೆ ಅವು ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ನೀರಿಗೆ ಹಿಂತಿರುಗಿಸುತ್ತವೆ. ಹುಲ್ಲು ಕೊಯ್ಯುವವರು, ಮೀನು ಹಿಡಿಯುವವರು ಕೆರೆಯ ಬಳಿ ಇದ್ದರೆ ಅದು ಕೆರೆಗೇ ಲಾಭ. ಕೆಲವು ನಗರದ ಸಮಿತಿಗಳು ನಡಿಗೆಯ ದಾರಿ ಹಾಕಿಸಿ, ಹೂಗಿಡ ನೆಟ್ಟು, ದನ ಕಾಯುವವರನ್ನು ಬೇಲಿಯಾಚೆ ಅಟ್ಟಿಬಿಡುತ್ತವೆ. ನೋಟಕ್ಕೆ ಚೆಂದ, ಕಳೆ ಕೊಯ್ಯುವ ಕೂಲಿಗೆ ಆಮೇಲೆ ಚಂದಾ ಎತ್ತಬೇಕಾಗುತ್ತದೆ.

ಕೆರೆಗೆ ಏರಿಯುಂಟು, ಗಡಿಯುಂಟು. ಒಂದು ಬಡಾವಣೆಯವರು ಸೇರಿದರೆ ಕಾಯಬಹುದು. ನದಿಗೆ ಹಾಗಲ್ಲ. ಮೇಲೆ ರಾತ್ರಿ ಒಂದು ಟ್ಯಾಂಕರ್ ರಾಸಾಯನಿಕ ಸುರಿದರೆ ಬೆಳಗಿನ ಹೊತ್ತಿಗೆ ಕೆಳಗಿನ ಊರಿನಲ್ಲಿ ನೀರಿನ ಬಣ್ಣವೇ ಬೇರೆ. ಸುರಿದವನನ್ನು ಹಿಡಿಯಲು ಮೇಲಿನವರೂ ಕೆಳಗಿನವರೂ ಒಂದೇ ಪುಸ್ತಕದಲ್ಲಿ ಬರೆಯಬೇಕು. ಪ್ರತಿ ಊರಿನಲ್ಲಿ ಒಂದು ಸೇತುವೆ ಅಥವಾ ಪಂಪಿನ ಕಟ್ಟೆಯನ್ನು ಗೊತ್ತುಮಾಡಿಕೊಂಡು, ದಿನಾಂಕ, ಗಂಟೆ, ಬಣ್ಣ, ವಾಸನೆ, ನೊರೆ, ಸತ್ತ ಮೀನು ಇವನ್ನು ಪ್ರತಿದಿನ ಗುರುತು ಹಾಕುವುದಕ್ಕೆ ಖರ್ಚೇನೂ ಇಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳು ಕೂಡ ಮಾಡಬಲ್ಲರು. ಒಂದು ಮಾತು ನೆನಪಿರಲಿ: 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯ ಪ್ರಕಾರ ಮೊಕದ್ದಮೆಗೆ ಆಧಾರವಾಗುವ ಮಾದರಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ವಿಧಿಪೂರ್ವಕವಾಗಿ ತೆಗೆಯಬೇಕು. ರೈತನು ಬಾಟಲಿಯಲ್ಲಿ ಒಯ್ದ ನೀರು ಅಲ್ಲಿ ನಿಲ್ಲದು. ಆದರೆ ಯಾವ ವಾರ, ಯಾವ ಹೊತ್ತಿಗೆ ಬಣ್ಣ ಕೆಡುತ್ತದೆಂದು ತಿಂಗಳುಗಟ್ಟಲೆ ಬರೆದಿಟ್ಟ ಪುಸ್ತಕವಿದ್ದರೆ ಅಧಿಕಾರಿಯನ್ನು ಸರಿಯಾದ ಹೊತ್ತಿಗೆ ಕರೆಸಬಹುದು. ವಿಸ್ತರಣಾ ಕಾರ್ಯಕರ್ತರು ಈ ಕೆಲಸದಲ್ಲಿ ಊರೂರುಗಳ ನಡುವೆ ಕೊಂಡಿಯಾಗಬೇಕು.

ನದಿ ಸುಧಾರಿಸುವವರೆಗೆ ಹೊಲದಲ್ಲಿ ವಹಿಸಬೇಕಾದ ಎಚ್ಚರಿಕೆಯೂ ಇದೆ. ಹಸಿಯಾಗಿ ತಿನ್ನುವ ಸೌತೆ, ಕೊತ್ತಂಬರಿ, ಮೂಲಂಗಿ, ಸೊಪ್ಪುಗಳನ್ನು ಈ ನೀರಿನಲ್ಲಿ ಬೆಳೆಯಲೇಬಾರದು. ಹಸಿ ತಿನ್ನುವ ಬೆಳೆಯ ನೀರಾವರಿಗೆ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಸೂಚಿಸಿದ ಮಿತಿ 100 ಮಿಲಿಲೀಟರಿಗೆ 1000 ಮಲಜನ್ಯ ಕೋಲಿಫಾರಂ; ಸಂಸ್ಕರಿಸದ ಕೊಳಚೆಯಲ್ಲಿ ಇವು ಲಕ್ಷಗಟ್ಟಲೆ ಇರುತ್ತವೆ. ಹೂವಿನ ಗಿಡ, ಹುಲ್ಲುಹಾಸು, ಮರಮುಟ್ಟು ಇದಕ್ಕಿಂತ ವಾಸಿ. ತುಂತುರು ನೀರಾವರಿ ಬಿಟ್ಟು ಸಾಲಿನಲ್ಲಿ ಹಾಯಿಸಬೇಕು. ಪಂಪಿನ ನೀರನ್ನು ಒಂದು ಹೊಂಡದಲ್ಲಿ ನಿಲ್ಲಿಸಿ ತಿಳಿ ನೀರನ್ನಷ್ಟೇ ಬಿಟ್ಟರೆ ಜಂತುವಿನ ಮೊಟ್ಟೆಗಳೂ ಗಸಿಯೂ ಬಹಳಷ್ಟು ತಳದಲ್ಲೇ ಉಳಿಯುತ್ತವೆ. ನೀರು ಕಟ್ಟುವವರು ಬರಿಗಾಲಿನಲ್ಲಿ ಇಳಿಯಕೂಡದು, ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ದೇಹ ಸೇರುತ್ತದೆ. ಮುಂಗಾರಿನ ಮೊದಲ ಪ್ರವಾಹದಲ್ಲಿ ಬೇಸಿಗೆಯಿಡೀ ಚರಂಡಿಗಳ ತಳದಲ್ಲಿ ಕುಳಿತ ಕೆಸರೆಲ್ಲ ಒಮ್ಮೆಗೇ ಎದ್ದು ಬರುತ್ತದೆ. ಆ ಎರಡು ಮೂರು ದಿನ ಪಂಪು ನಿಲ್ಲಿಸಿ, ನೀರಿನ ಬಣ್ಣ ತಿಳಿಯಾದ ಮೇಲೆಯೇ ಗದ್ದೆಗೆ ಬಿಡಬೇಕು.