ಪೆನ್ಷನ್ ಕೊಟ್ಟವರಿಗೇ ಓಟೇ?
(ಸಂಘದ ಸರ್ವ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತು)



ಸಂಘದ ವೇದಿಕೆಯಲ್ಲಿ ಪಕ್ಷದ ಮಾತು ಬೇಡ ಅನ್ನೋದು ನಾವು ಪಾಲಿಸಿಕೊಂಡು ಬಂದ ಪದ್ಧತಿ. ಅದನ್ನು ಮುರಿಯುವುದಿಲ್ಲ. ಆದರೆ ವೃದ್ಧಾಪ್ಯ ವೇತನದ ಮಾತು ಆಡಲೇಬೇಕಾಗಿದೆ. ಸಂಘ ಕಟ್ಟಿದ ಕಾಲದ ಸದಸ್ಯರೆಲ್ಲ ಈಗ ಅರವತ್ತು ದಾಟಿದವರು. ರೈತನಿಗೆ ಗ್ರಾಚ್ಯುಟಿ ಇಲ್ಲ, ಬೀಳ್ಕೊಡುಗೆ ಹಾರವೂ ಇಲ್ಲ. ರಟ್ಟೆಯಲ್ಲಿ ಶಕ್ತಿ ಉಡುಗಿದ ದಿನವೇ ರಿಟೈರು.

ಮುದುಕರು ಪೆನ್ಷನ್ ಆಸೆಗೆ ಪಕ್ಷ ಬದಲಾಯಿಸ್ತಾರೆ ಅಂತ ಅರಳಿಕಟ್ಟೆ ಮೇಲೆ ಕೂತ ಹುಡುಗರು ಹಗುರವಾಗಿ ಆಡಿಕೊಳ್ತಾರೆ. ನಮ್ಮದು ಗಡಿ ಭಾಗ. ಮಡಕಶಿರಾ, ಹಿಂದೂಪುರದ ಕಡೆ ಹೆಣ್ಣು ಕೊಟ್ಟು ತಂದವರು ನಾವು. ಅಲ್ಲಿ ನಡೆದದ್ದನ್ನೇ ನೋಡೋಣ.

2014ರಲ್ಲಿ ಆಂಧ್ರದಲ್ಲಿ ಚಂದ್ರಬಾಬು ನಾಯ್ಡು ಅವರ ಸರ್ಕಾರ 200 ರೂಪಾಯಿ ಇದ್ದ ಪೆನ್ಷನ್ನನ್ನು 1,000ಕ್ಕೆ ಏರಿಸಿತು. 2019ರ ಚುನಾವಣೆ ಹತ್ತಿರ ಬಂದಾಗ 2,000 ಮಾಡಿತು. ಆದರೂ ಸೋತಿತು. ಹಂತ ಹಂತವಾಗಿ 3,000 ಮಾಡುತ್ತೇವೆ ಎಂದಿದ್ದ ಜಗನ್ ಅವರ ಪಕ್ಷಕ್ಕೆ 175ರಲ್ಲಿ 151 ಸ್ಥಾನ ಬಂತು. ಅವರು 2,250ರಿಂದ ಶುರು ಮಾಡಿ 2024ರ ಜನವರಿಗೆ 3,000 ಮುಟ್ಟಿಸಿದರು. ತಿಂಗಳ ಒಂದನೇ ತಾರೀಖು ಸ್ವಯಂಸೇವಕರು ಬಾಗಿಲಿಗೇ ತಂದು ಎಣಿಸಿ ಕೊಡುತ್ತಿದ್ದರು. ಅಷ್ಟಾದರೂ 2024ರಲ್ಲಿ ಆ ಪಕ್ಷ 11ಕ್ಕೆ ಇಳಿಯಿತು. 4,000 ಕೊಡ್ತೀವಿ ಅಂದಿದ್ದ ನಾಯ್ಡು ಅವರ ಪಕ್ಷಕ್ಕೆ 135.

ಆ ಚುನಾವಣೆಯ ಹೊತ್ತಿನಲ್ಲಿ ಇನ್ನೊಂದು ಆಯಿತು. ಸ್ವಯಂಸೇವಕರು ಹಣ ಹಂಚಬಾರದೆಂದು ಚುನಾವಣಾ ಆಯೋಗ ಹೇಳಿತು. ಏಪ್ರಿಲ್ ಬಿಸಿಲಿನಲ್ಲಿ ಮುದುಕರು ಮುದುಕಿಯರು ಗ್ರಾಮ ಸಚಿವಾಲಯಕ್ಕೆ ಕೋಲೂರಿಕೊಂಡು ನಡೆದರು. ನಿಮ್ಮಿಂದ ಆಯಿತು, ನಿಮ್ಮಿಂದ ಆಯಿತು ಎಂದು ಎರಡು ಪಕ್ಷಗಳೂ ಕಿತ್ತಾಡಿದವು. ಮುದುಕರ ಕಾಲುನೋವು ಅಲ್ಲಿಯವರೆಗೆ ಯಾರಿಗೂ ಅಷ್ಟು ಕಂಡಿರಲಿಲ್ಲ ಬಿಡಿ!

ಪೆನ್ಷನ್ನಿಂದಲೇ ಸರ್ಕಾರ ಬಿತ್ತು, ಎದ್ದಿತು ಅಂತ ನಾವು ಹೇಳುವುದಿಲ್ಲ. ರಾಜಧಾನಿ, ಉದ್ಯೋಗ, ಮೈತ್ರಿ, ಬೇರೆ ನೂರು ವಿಷಯ ಇದ್ದವು. ಆದರೆ ಕೈಗೆ ಬಂದ ಪೆನ್ಷನ್ನನ್ನು ಹಿರಿಯರು ಯಾರ ಋಣವೆಂದೂ ಎಣಿಸಲಿಲ್ಲ, ನಮಗೆ ಸಲ್ಲಬೇಕಾದದ್ದು ಎಂದುಕೊಂಡರು. ಇದು ಕೃತಘ್ನತೆಯಲ್ಲ. ನಲವತ್ತು ವರ್ಷ ನೆಲ ಉತ್ತು ಊರಿಗೆ ಅನ್ನ ಕೊಟ್ಟವರು ಅವರು.

ಹಾಗಾದರೆ ಓಟು ಯಾಕೆ ಅತ್ತಿತ್ತ ಹೊರಳುತ್ತೆ? ನಮಗೆ ಕಾಣುವ ಕಾರಣ ಇಷ್ಟು. ನೌಕರಿಯಿಂದ ನಿವೃತ್ತರಾದವರಿಗೆ ಬೆಲೆ ಏರಿದ ಹಾಗೆ ತುಟ್ಟಿಭತ್ಯೆ ಏರುತ್ತದೆ. ಅದಕ್ಕೆ ಚುನಾವಣೆ ಕಾಯಬೇಕಿಲ್ಲ. ನಮ್ಮ ಹಿರಿಯರ ಪೆನ್ಷನ್ ಸರ್ಕಾರ ಮನಸ್ಸು ಮಾಡಿದಾಗ ಮಾತ್ರ ಏರುತ್ತೆ. ಕೇಂದ್ರದ ವೃದ್ಧಾಪ್ಯ ಯೋಜನೆ 1995ರ ಆಗಸ್ಟ್ 15ಕ್ಕೆ ಶುರುವಾದಾಗ 75 ರೂಪಾಯಿ. ಎಂಬತ್ತು ತುಂಬದವರಿಗೆ ಕೇಂದ್ರದ ಪಾಲು 2007ರಲ್ಲೂ 200, 2024ರಲ್ಲೂ 200. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400ರಿಂದ ಹೊರಟು 2021ರಲ್ಲಿ 1,200 ಆಯಿತು. ಗಡಿಯ ಆಚೆಗೆ 4,000, ಈಚೆಗೆ 1,200 ಅಂದರೆ ಬೀಗರ ಮನೆಗೆ ಹೋಗಿ ಬಂದ ಅಜ್ಜಿ ಲೆಕ್ಕ ಕೇಳದೆ ಇರ್ತಾಳೆಯೇ?

ರಾಜಸ್ಥಾನದಲ್ಲಿ 2023ರಲ್ಲಿ ಒಂದು ಕಾನೂನು ಬಂತು. ಪೆನ್ಷನ್ ವರ್ಷಕ್ಕೆ ಶೇಕಡ 15ರಂತೆ ತಾನಾಗಿ ಏರಬೇಕು ಎಂದು ಅದರಲ್ಲಿ ಬರೆದರು. ತಂದ ಸರ್ಕಾರ ಅದೇ ವರ್ಷದ ಚುನಾವಣೆಯಲ್ಲಿ ಸೋತಿತು, ಆ ಮಾತು ಬೇರೆ. ಆದರೆ ದಾರಿ ಸರಿಯಾದದ್ದು.

ಆದ್ದರಿಂದ ಕರಪತ್ರ ಹಿಡಿದು ಬಂದವರನ್ನು, ಯಾವ ಪಕ್ಷದವರಾದರೂ ಸರಿ, ಎಷ್ಟು ಏರಿಸ್ತೀರಿ ಅಂತ ಮಾತ್ರ ಕೇಳಬೇಡಿ. ವರ್ಷಾ ವರ್ಷಾ ಏರೋ ಹಾಗೆ ಕಾನೂನು ಮಾಡ್ತೀರಾ ಅಂತ ಕೇಳಿ. ಅದಕ್ಕೆ ಮೊದಲು, ಪೆನ್ಷನ್ ನಿಂತುಹೋದ ಹಿರಿಯರು ಯಾರಾದರೂ ಇದ್ದರೆ ಪಾಸ್‌ಬುಕ್ಕು, ಆಧಾರ್, ಮಂಜೂರಾತಿ ಪತ್ರ ತೆಗೆದುಕೊಂಡು ಸಂಘದ ಹತ್ತಿರ ಬನ್ನಿ. ನಾಡಕಚೇರಿಗೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ.