ಅಮೆರಿಕಾ ದೇಶದ ವ್ಯವಸಾಯ ಕಾಲೇಜುಗಳ ಪೂರ್ವೋತ್ತರ



ದೇವಸ್ಥಾನಕ್ಕಾಗಲಿ ಛತ್ರಕ್ಕಾಗಲಿ ಭೂಮಿಯನ್ನು ದತ್ತಿಯಾಗಿ ಬಿಟ್ಟು, ಅದರ ಉತ್ಪತ್ತಿಯಿಂದ ನಿತ್ಯಕಟ್ಟಳೆಯು ನಡೆಯುವಂತೆ ಏರ್ಪಡಿಸುವ ಪದ್ಧತಿಯು ಗ್ರಾಮಸ್ಥರೆಲ್ಲರಿಗೂ ತಿಳಿದದ್ದೇ ಆಗಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವಿದ್ಯೆಗೆ, ಅದರಲ್ಲಿಯೂ ಬೇಸಾಯದ ವಿದ್ಯೆಗೆ, ಇದೇ ರೀತಿಯ ಭೂದತ್ತಿಯು ದೊರೆತ ಬಗೆಯು ಕೇಳತಕ್ಕದ್ದಾಗಿದೆ.

ಆ ದೇಶದ ಅತಿ ಹಳೆಯ ಕಾಲೇಜು 1636ರಲ್ಲಿ ಸ್ಥಾಪಿತವಾದ ಹಾರ್ವರ್ಡ್. 1701ರಲ್ಲಿ ಯೇಲ್ ಕಾಲೇಜು ಹುಟ್ಟಿತು. ಅಲ್ಲಿ ಪಾದ್ರಿಗಳಾಗತಕ್ಕವರೂ ಸ್ಥಿತಿವಂತರ ಮಕ್ಕಳೂ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿಯುತ್ತಿದ್ದರು. ನೇಗಿಲು ಹಿಡಿಯುವವನ ಮಗನಿಗೆ ಅಲ್ಲಿ ಕಲಿಯತಕ್ಕದ್ದು ಹೆಚ್ಚೇನೂ ಇರಲಿಲ್ಲ. ಮಿಷಿಗನ್ ಸಂಸ್ಥಾನವು ಮಾತ್ರ 1857ರಲ್ಲಿಯೇ ಒಂದು ವ್ಯವಸಾಯ ಕಾಲೇಜನ್ನು ತೆರೆಯಿತು.

ಅದೇ ವರ್ಷ ವರ್ಮಾಂಟ್ ಸಂಸ್ಥಾನದ ಪ್ರತಿನಿಧಿಯಾದ ಜಸ್ಟಿನ್ ಮೊರಿಲ್ ಎಂಬಾತನು ಶಾಸನಸಭೆಯಲ್ಲಿ ಒಂದು ಮಸೂದೆಯನ್ನು ಮಂಡಿಸಿದನು. ಈತನು ಕಮ್ಮಾರನ ಮಗನು. ಹದಿನೈದನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಅಂಗಡಿಯ ಗುಮಾಸ್ತೆಯಾದವನು. ಕಾಲೇಜಿನ ಮೆಟ್ಟಲು ಹತ್ತದವನೇ ಕಾಲೇಜುಗಳಿಗಾಗಿ ಅಷ್ಟು ಹೆಣಗಿದನೆಂಬುದು ಗಮನಾರ್ಹವಾಗಿದೆ. 1859ರಲ್ಲಿ ಸಭೆಯು ಒಪ್ಪಿದರೂ ಅಧ್ಯಕ್ಷ ಬ್ಯುಕಾನನ್ ಸಮ್ಮತಿಯನ್ನು ಕೊಡಲಿಲ್ಲ. ಕಡೆಗೆ ಅಂತಃಕಲಹದ ಮಧ್ಯದಲ್ಲಿ, 1862ನೆಯ ಜುಲೈ 2ರಂದು, ಅಧ್ಯಕ್ಷ ಲಿಂಕನ್ ರುಜು ಹಾಕಿದನು.

ಏರ್ಪಾಡು ಹೀಗಿತ್ತು: ಪ್ರತಿಯೊಂದು ಸಂಸ್ಥಾನಕ್ಕೂ ಅದರ ಪ್ರತಿನಿಧಿಗಳ ಲೆಕ್ಕದಂತೆ ತಲಾ 30,000 ಎಕರೆ ಸರ್ಕಾರಿ ಭೂಮಿ. ಅದನ್ನು ಮಾರಿ ಬಂದ ಹಣವನ್ನು ನೂರಕ್ಕೆ ಐದಕ್ಕೆ ಕಡಮೆಯಿಲ್ಲದ ಬಡ್ಡಿಗೆ ತೊಡಗಿಸಿ, ಬಡ್ಡಿಯಿಂದ ವ್ಯವಸಾಯವನ್ನೂ ಯಂತ್ರಕಲೆಗಳನ್ನೂ ಕಲಿಸಬೇಕು. ಅಸಲನ್ನು ಕಟ್ಟಡಕ್ಕೆ ವೆಚ್ಚಮಾಡಕೂಡದು. ರೋಡ್ ಐಲೆಂಡ್ ಸಂಸ್ಥಾನವು ಆತುರಪಟ್ಟು ತನ್ನ ಪಾಲನ್ನು ಎಕರೆಗೆ ಅರ್ಧ ಡಾಲರಿಗೂ ಕಡಮೆಗೆ ಮಾರಿತು. ನ್ಯೂಯಾರ್ಕಿನಲ್ಲಿ ಎಜ್ರಾ ಕಾರ್ನೆಲ್ ಎಂಬಾತನು ವಿಸ್ಕಾನ್ಸಿನ್ ಸೀಮೆಯ ಪೈನ್ ಮರದ ಕಾಡುಗಳನ್ನು ಆರಿಸಿ, ಕಂದಾಯವನ್ನು ಕಟ್ಟುತ್ತಾ, ಬೆಲೆ ಏರುವವರೆಗೂ ಕಾಯುವ ಮಾರ್ಗವನ್ನು ಹಿಡಿದನು. ಅವನ ಹೆಸರಿನ ವಿಶ್ವವಿದ್ಯಾನಿಲಯಕ್ಕೆ ಕೊನೆಗೆ ಅದರಿಂದ ಸುಮಾರು 50 ಲಕ್ಷ ಡಾಲರು ದೊರೆಯಿತು. ಭೂಮಿಯನ್ನು ಮಾರುವುದರಲ್ಲಿ ತಾಳ್ಮೆಯ ಬೆಲೆ ಎಷ್ಟೆಂಬುದನ್ನು ಈ ಸಭೆಯಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಆದರೆ ಹೀಗೆ ದತ್ತಿಯಾದ ಒಂದು ಕೋಟಿಗೂ ಮೀರಿದ ಎಕರೆಗಳು ಮೂಲತಃ ಆ ಖಂಡದ ಆದಿನಿವಾಸಿಗಳಿಂದ ಬಲಾತ್ಕಾರದಿಂದಲೋ ಅಲ್ಪ ಹಣಕ್ಕೋ ಪಡೆದವು ಎಂಬುದನ್ನು ಮರೆಮಾಚುವುದು ನ್ಯಾಯವಲ್ಲ.

ಕಾಲೇಜುಗಳೇನೋ ಎದ್ದವು, ರೈತರು ನಂಬಲಿಲ್ಲ. ಪುಸ್ತಕದ ಬೇಸಾಯವೆಂದು ನಕ್ಕರು. ಅವರ ನಗೆಗೆ ಕಾರಣವಿಲ್ಲದಿರಲಿಲ್ಲ. ಪರೀಕ್ಷಿಸಿ ನೋಡಿದ ಜ್ಞಾನವು ಉಪಾಧ್ಯಾಯರಲ್ಲಿಯೇ ಸ್ವಲ್ಪವಾಗಿತ್ತು. ಈ ಕೊರತೆಯನ್ನು ನೀಗಲು 1887ರ ಹ್ಯಾಚ್ ಶಾಸನವು ಪ್ರತಿ ಸಂಸ್ಥಾನದ ಪ್ರಯೋಗಕ್ಷೇತ್ರಕ್ಕೂ ವರ್ಷಕ್ಕೆ 15,000 ಡಾಲರುಗಳನ್ನು ಗೊತ್ತುಮಾಡಿತು.

ಫಲವು ಬೇಗ ಕಂಡಿತು. ಆಗ ಬೆಣ್ಣೆಯ ಕಾರ್ಖಾನೆಗಳು ಹಾಲನ್ನು ತೂಕದಿಂದ ಕೊಳ್ಳುತ್ತಿದ್ದವು. ನೀರು ಬೆರಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ; ಪ್ರಾಮಾಣಿಕನಿಗೇ ನಷ್ಟ. 1890ರಲ್ಲಿ ವಿಸ್ಕಾನ್ಸಿನ್ ಕಾಲೇಜಿನ ಸ್ಟೀಫನ್ ಬ್ಯಾಬ್ಕಾಕ್ ಎಂಬ ರಸಾಯನ ಶಾಸ್ತ್ರಜ್ಞನು ಹಾಲಿಗೆ ಗಂಧಕಾಮ್ಲವನ್ನು ಬೆರಸಿ, ಕತ್ತಿನಲ್ಲಿ ಅಳತೆಯ ಗೆರೆಗಳುಳ್ಳ ಸೀಸೆಯಲ್ಲಿ ವೇಗವಾಗಿ ತಿರುಗಿಸಿ, ಮೇಲೆದ್ದ ಜಿಡ್ಡನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದನು. ಆತನು ಅದಕ್ಕೆ ಪೇಟೆಂಟ್ ಹಕ್ಕನ್ನು ಪಡೆಯದೆ ಸರ್ವರಿಗೂ ಬಿಟ್ಟುಕೊಟ್ಟನು.

ದಕ್ಷಿಣ ಸೀಮೆಯ ಕಾಲೇಜುಗಳು ಕರಿಯ ಜನರನ್ನು ಸೇರಿಸುತ್ತಿರಲಿಲ್ಲ. 1890ರ ಎರಡನೆಯ ಮೊರಿಲ್ ಶಾಸನವು, ಅವರನ್ನು ಸೇರಿಸಿರಿ, ಇಲ್ಲವೆ ಅವರಿಗೆ ಬೇರೆ ಕಾಲೇಜನ್ನು ಕೊಡಿರಿ ಎಂದು ವಿಧಿಸಿತು. ಆ ಸೀಮೆಯವರು ಎರಡನೆಯದನ್ನೇ ಆರಿಸಿಕೊಂಡರು. ದಾಸ್ಯದಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್‌ಟನ್ ಕಾರ್ವರ್ ಎಂಬ ಪಂಡಿತನಿದ್ದ ಟಸ್ಕೀಗೀ ವಿದ್ಯಾಲಯವು 1906ರಲ್ಲಿ ಉಪಕರಣಗಳನ್ನೂ ಬೀಜಗಳನ್ನೂ ಬಂಡಿಯಲ್ಲಿ ಹೇರಿಸಿ ರೈತನ ಬಾಗಿಲಿಗೇ ಕಳುಹಿಸತೊಡಗಿತು.

ಆದರೂ ರೈತನ ಸಂಶಯವನ್ನು ಹೆಚ್ಚಾಗಿ ಮುರಿದದ್ದು ಟೆಕ್ಸಾಸ್ ಸಂಸ್ಥಾನದ ಟೆರೆಲ್ ಊರಿನ ಒಂದು ಹೊಲ. ಸರ್ಕಾರವೇ ಹಣ ಹಾಕಿ ನಡೆಸುವ ಮಾದರಿ ಹೊಲಗಳನ್ನು ಕಂಡು, "ಬೊಕ್ಕಸದ ಹಣವಿದ್ದರೆ ಯಾರು ತಾನೇ ಬೆಳೆಯರು?" ಎನ್ನುವುದು ಒಕ್ಕಲಿಗನ ಸ್ವಭಾವವಷ್ಟೆ. ಅಯೋವಾ ವ್ಯವಸಾಯ ಕಾಲೇಜಿನ ಅಧ್ಯಕ್ಷನಾಗಿದ್ದ ಸೀಮನ್ ನ್ಯಾಪ್ ಇದನ್ನು ಚೆನ್ನಾಗಿ ಅರಿತಿದ್ದನು. 1903ರಲ್ಲಿ ಆತನು ವಾಲ್ಟರ್ ಪೋರ್ಟರ್ ಎಂಬ ರೈತನ 70 ಎಕರೆಗಳನ್ನು ಆರಿಸಿದನು. ಸಲಹೆ ಮಾತ್ರ ನ್ಯಾಪನದು. ಭೂಮಿ, ದುಡಿಮೆ, ಖರ್ಚು ಎಲ್ಲವೂ ಪೋರ್ಟರನದು. ನಷ್ಟವಾದರೆ ತುಂಬಿಕೊಡುವುದಾಗಿ ಊರಿನ ವರ್ತಕರು ವಂತಿಗೆ ಎತ್ತಿಟ್ಟರು. ಆ ನಿಧಿಯನ್ನು ಮುಟ್ಟಬೇಕಾಗಲಿಲ್ಲ. ಹಿಂದಿನ ಕ್ರಮದಲ್ಲಿ ಬರುತ್ತಿದ್ದುದಕ್ಕಿಂತ 700 ಡಾಲರು ಹೆಚ್ಚು ಬಂದಿತೆಂದು ಪೋರ್ಟರನೇ ಲೆಕ್ಕ ಹೇಳಿದನು. ಹತ್ತಿಯ ಕಾಯಿಗೆ ಬೀಳುವ ಮೂತಿಹುಳುವಿನಿಂದ ಕಂಗೆಟ್ಟಿದ್ದ ಸುತ್ತಿನ ರೈತರು ಆ ಮಾತನ್ನು ನಂಬಿದರು, ಏಕೆಂದರೆ ಅದನ್ನು ಆಡಿದವನು ಅವರಂತೆಯೇ ಒಬ್ಬ ರೈತನು. 1914ರ ಸ್ಮಿತ್–ಲೀವರ್ ಶಾಸನವು ಈ ಕ್ರಮವನ್ನೇ ದೇಶಕ್ಕೆಲ್ಲಾ ಹರಡಿ, ಕಾಲೇಜುಗಳ ಕೈಗೆ ಒಪ್ಪಿಸಿತು.

ಭಾರತದಲ್ಲಿ ಈ ಮಾದರಿಯ ಮೊದಲನೆಯ ವಿಶ್ವವಿದ್ಯಾನಿಲಯವು 1960ರಲ್ಲಿ ಪಂತನಗರದಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನದು 1964ರಲ್ಲಿ, ಅಮೆರಿಕಾದ ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವಿನಿಂದ ಆರಂಭವಾಯಿತು. ಅದರ ಮೂಲವಾದ ಹೆಬ್ಬಾಳದ ಪ್ರಯೋಗಕ್ಷೇತ್ರಕ್ಕೂ ಒಂದು ಭೂದಾನವೇ ಆಧಾರ: 1899ರಲ್ಲಿ ಮೈಸೂರಿನ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ದಯಪಾಲಿಸಿದ 30 ಎಕರೆ.